ಒತ್ತಾಯ ಮಾಡದ ನಾಯಕ: ಸೆನೆಟ್‌ನಲ್ಲಿ ಮೈಕ್ ಮ್ಯಾನ್ಸ್‌ಫೀಲ್ಡ್

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಮೈಕ್ ಮ್ಯಾನ್ಸ್‌ಫೀಲ್ಡ್ ಅವರ ಬಗ್ಗೆ ಮಾತಾಡುತ್ತೇನೆ. ಅಮೆರಿಕದ ಸೆನೆಟ್‌ನಲ್ಲಿ 1961ರಿಂದ 1977ರವರೆಗೆ, ಒಟ್ಟು 16 ವರ್ಷ, ಬಹುಮತದ ಪಕ್ಷದ ನಾಯಕರಾಗಿದ್ದವರು. ಆ ಹುದ್ದೆಯಲ್ಲಿ ಅಷ್ಟು ಕಾಲ ಬೇರೆ ಯಾರೂ ಇರಲಿಲ್ಲ. ಕೆನಡಿ, ಜಾನ್ಸನ್, ನಿಕ್ಸನ್, ಫೋರ್ಡ್, ಈ ನಾಲ್ವರೂ ಅಧ್ಯಕ್ಷರಾಗಿದ್ದದ್ದು ಇವರ ಕಾಲದಲ್ಲೇ. ಆ ಅಧ್ಯಕ್ಷರ ಹೆಸರು ನಮಗೆಲ್ಲ ಗೊತ್ತು. ಇವರ ಹೆಸರು ಕೇಳಿದವರು ಕಡಿಮೆ. ಅದಕ್ಕೆ ಒಂದು ಕಾರಣ ಅವರೇ. ತಮ್ಮ ಕೆಲಸದ ಹೆಸರನ್ನು ಬೇರೆಯವರಿಗೆ ಬಿಟ್ಟುಕೊಡುವುದೇ ಅವರ ರಾಜಕೀಯವಾಗಿತ್ತು. ಅದು ದೊಡ್ಡ ಶಕ್ತಿ ಅಂತ ನಾನು ನಂಬಿದ್ದೇನೆ. ಅದಕ್ಕೆ ಬೆಲೆಯೂ ಇತ್ತು. ಎರಡನ್ನೂ ಹೇಳುತ್ತೇನೆ.

ಮೊದಲು ಹುದ್ದೆಯ ಬಗ್ಗೆ ಎರಡು ಮಾತು. ನಮ್ಮ ರಾಜ್ಯಸಭೆಗೆ ಉಪರಾಷ್ಟ್ರಪತಿ ಸಭಾಪತಿ ಅಲ್ವಾ, ಹಾಗೆಯೇ ಸೆನೆಟ್‌ಗೆ ಅಲ್ಲಿನ ಉಪಾಧ್ಯಕ್ಷರು. ಹೋಲಿಕೆ ಹೆಚ್ಚು ಕಡಿಮೆ ಅಲ್ಲಿಗೇ ಮುಗಿಯಿತು. ಸೆನೆಟ್‌ನಲ್ಲಿ ದೊಡ್ಡ ರಾಜ್ಯಕ್ಕೂ ಚಿಕ್ಕ ರಾಜ್ಯಕ್ಕೂ ಸಮವಾಗಿ ಎರಡೆರಡು ಸ್ಥಾನ. ಒಟ್ಟು 100. ಬಹುಮತದ ನಾಯಕ ಎಂಬ ಹುದ್ದೆ ಸಂವಿಧಾನದಲ್ಲೇ ಇಲ್ಲ. ಅದು ಪಕ್ಷ ಕೊಡುವ ಜವಾಬ್ದಾರಿ. ಯಾವ ಮಸೂದೆ ಯಾವಾಗ ಚರ್ಚೆಗೆ ಬರಬೇಕು ಎಂದು ನಾಯಕ ಗೊತ್ತು ಮಾಡುತ್ತಾರೆ. ಹಲವರು ಒಟ್ಟಿಗೆ ಎದ್ದು ನಿಂತರೆ ಮಾತಾಡುವ ಅವಕಾಶ ಮೊದಲು ನಾಯಕನಿಗೆ. ಅಧಿಕಾರ ಅಂದರೆ ಮುಖ್ಯವಾಗಿ ಇಷ್ಟೇ.

ನಮ್ಮಲ್ಲಿ 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂತು. ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಅಮೆರಿಕದಲ್ಲಿ ಆ ಭಯ ಇಲ್ಲ. ಸ್ವಂತ ಪಕ್ಷದ ಮಸೂದೆಗೆ ವಿರುದ್ಧವಾಗಿ ಮತ ಹಾಕಿ, ಸಂಜೆ ಅದೇ ಪಕ್ಷದ ಸಭೆಯಲ್ಲಿ ಕೂತುಕೊಳ್ಳಬಹುದು. ಹಾಗಿರುವಾಗ ನಾಯಕನಾದವನು ಜನರನ್ನು ಒಟ್ಟುಗೂಡಿಸುವುದು ಹೇಗೆ? ಮ್ಯಾನ್ಸ್‌ಫೀಲ್ಡ್ ಕಥೆ ಪೂರ್ತಿ ಈ ಪ್ರಶ್ನೆಯ ಸುತ್ತಲೇ ಇದೆ.

ಅವರು ಹುಟ್ಟಿದ್ದು 1903ರಲ್ಲಿ, ನ್ಯೂಯಾರ್ಕ್‌ನಲ್ಲಿ. ತಂದೆ ತಾಯಿ ಐರ್ಲೆಂಡಿನಿಂದ ವಲಸೆ ಬಂದವರು. ಏಳು ವರ್ಷದ ಹುಡುಗನಾಗಿದ್ದಾಗ ತಾಯಿ ತೀರಿಕೊಂಡರು. ಮೊಂಟಾನಾ ರಾಜ್ಯದಲ್ಲಿದ್ದ ಸಂಬಂಧಿಕರ ಮನೆಗೆ ಕಳಿಸಿದರು. ಹುಡುಗ ಶಾಲೆ ಬಿಟ್ಟ. ಮೊದಲ ಮಹಾಯುದ್ಧದ ಸಮಯದಲ್ಲಿ ವಯಸ್ಸು ಸುಳ್ಳು ಹೇಳಿ 14ಕ್ಕೇ ನೌಕಾಪಡೆ ಸೇರಿಕೊಂಡ. ಆಮೇಲೆ ಭೂಸೇನೆ, ಆಮೇಲೆ ಮೆರೀನ್ ಪಡೆ. ಆ ಕೆಲಸದಲ್ಲೇ ಫಿಲಿಪೀನ್ಸ್ ಮತ್ತು ಚೀನಾ ನೋಡಿದ್ದು. ಏಷ್ಯಾದ ಮೇಲಿನ ಆಸಕ್ತಿ ಅಲ್ಲಿ ಶುರುವಾಯಿತು, ಕೊನೆಯವರೆಗೂ ಹೋಗಲಿಲ್ಲ.

ವಾಪಸ್ ಬಂದು ಬ್ಯೂಟ್ ಎಂಬ ಊರಿನ ತಾಮ್ರದ ಗಣಿಗೆ ಇಳಿದರು. ಭೂಮಿಯೊಳಗೆ ಅದಿರು, ಮಣ್ಣು ಎತ್ತಿ ತುಂಬುವ ಕೆಲಸ. ಅಲ್ಲಿ ಪರಿಚಯವಾದವರು ಮೌರೀನ್ ಹೇಯ್ಸ್, ಹೈಸ್ಕೂಲ್ ಟೀಚರ್. ಓದು ಮುಂದುವರಿಸು ಎಂದು ಪಟ್ಟು ಹಿಡಿದವರು ಅವರೇ. ತಮ್ಮ ಜೀವವಿಮೆಯನ್ನು ಮುರಿಸಿ ಆ ಹಣವನ್ನೂ ಕೊಟ್ಟರು. 1932ರಲ್ಲಿ ಇಬ್ಬರ ಮದುವೆಯಾಯಿತು. 1933ರಲ್ಲಿ ಬಿಎ, 1934ರಲ್ಲಿ ಎಂಎ. ಎಂಟನೇ ತರಗತಿಯನ್ನೂ ಮುಗಿಸದ ಗಣಿ ಕಾರ್ಮಿಕ ಮೊಂಟಾನಾ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಮೇಷ್ಟ್ರಾದರು. ಮುಂದೆ ಯಾರು ಏನು ಹೊಗಳಿದರೂ, ಇದೆಲ್ಲ ಮೌರೀನ್‌ಗೆ ಸಲ್ಲಬೇಕು ಎನ್ನುತ್ತಿದ್ದರು.

1942ರಲ್ಲಿ ಕೆಳಮನೆಗೆ ಗೆದ್ದರು. ಅದಕ್ಕೆ ಮೊದಲು ಆ ಸ್ಥಾನದಲ್ಲಿದ್ದವರು ಜೀನೆಟ್ ರ‍್ಯಾಂಕಿನ್. ಪರ್ಲ್ ಹಾರ್ಬರ್ ದಾಳಿಯ ಮರುದಿನ ಯುದ್ಧ ಘೋಷಣೆಗೆ ವಿರುದ್ಧವಾಗಿ ಮತ ಹಾಕಿದ ಒಬ್ಬರೇ ಒಬ್ಬ ಸದಸ್ಯೆ. ಗಾಂಧೀಜಿಯವರ ವಿಚಾರಗಳನ್ನು ಮೆಚ್ಚಿ ಭಾರತಕ್ಕೆ ಹಲವು ಸಲ ಬಂದಿದ್ದವರು. ಮೊಂಟಾನಾ ಎಂಥ ರಾಜ್ಯ ಎಂದು ತಿಳಿಯಲು ಅಷ್ಟು ಸಾಕು. ಮ್ಯಾನ್ಸ್‌ಫೀಲ್ಡ್ 10 ವರ್ಷ ಕೆಳಮನೆಯಲ್ಲಿದ್ದು, 1952ರ ಚುನಾವಣೆಯಲ್ಲಿ ಸೆನೆಟ್‌ಗೆ ಆಯ್ಕೆಯಾದರು.

ಆ ಕಾಲದಲ್ಲಿ ಸೆನೆಟ್‌ನ ಡೆಮಾಕ್ರಟಿಕ್ ನಾಯಕ ಲಿಂಡನ್ ಜಾನ್ಸನ್. ಆರಡಿ ಮೀರಿದ ಎತ್ತರದ ಆಳು. ಎದುರಿಗಿದ್ದವರ ಕೋಟಿನ ಕಾಲರ್ ಹಿಡಿದು, ಮುಖಕ್ಕೆ ಮುಖ ತಂದು, ಬೇಡಿ, ಬೆದರಿಸಿ, ಆಸೆ ತೋರಿಸಿ ಮತ ಗಿಟ್ಟಿಸುತ್ತಿದ್ದವರು. 1957ರಲ್ಲಿ ಅವರು ಮ್ಯಾನ್ಸ್‌ಫೀಲ್ಡ್‌ರನ್ನು ವಿಪ್ ಆಗಿ, ಅಂದರೆ ತಮ್ಮ ಕೈಕೆಳಗಿನ ಎರಡನೇ ನಾಯಕನಾಗಿ ಆರಿಸಿಕೊಂಡರು. 1961ರಲ್ಲಿ ಜಾನ್ಸನ್ ಉಪಾಧ್ಯಕ್ಷರಾದಾಗ ಮ್ಯಾನ್ಸ್‌ಫೀಲ್ಡ್ ನಾಯಕರಾದರು.

ಒಂದೇ ಸಲಕ್ಕೆ ಎಲ್ಲ ಬದಲಾಯಿತು. ಹೊಸ ನಾಯಕ ಯಾರ ಮೇಲೂ ಒತ್ತಡ ಹಾಕಲಿಲ್ಲ. ಹೊಸದಾಗಿ ಬಂದ ಸದಸ್ಯನೂ, 40 ವರ್ಷ ಕಳೆದ ಹಿರಿಯನೂ ತಮಗೆ ಒಂದೇ ಎಂದರು. ದಿನಾ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದದ್ದು ವಿರೋಧ ಪಕ್ಷದ ಜಾರ್ಜ್ ಏಕೆನ್ ಜೊತೆ. ಪೈಪ್ ಸೇದುತ್ತಾ ಸುಮ್ನೆ ಕೇಳಿಸಿಕೊಳ್ಳುವ ಮನುಷ್ಯ. ಟಿವಿ ಸಂದರ್ಶನಗಳಲ್ಲಿ ಹೌದು, ಇಲ್ಲ, ಇರಬಹುದು, ಇಷ್ಟೇ ಉತ್ತರ. ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಬೇರೆಯವರಿಗೆ ಸಾಕಾಗುವಷ್ಟು ಪ್ರಶ್ನೆ ಇವರಿಗೆ ಸಾಲುತ್ತಿರಲಿಲ್ಲ. ಪತ್ರಕರ್ತರು ಜಾಸ್ತಿ ಪ್ರಶ್ನೆಗಳನ್ನು ಬರೆದುಕೊಂಡು ಬರಬೇಕಿತ್ತು.

ಇದು ಎಲ್ಲರಿಗೂ ಹಿಡಿಸಲಿಲ್ಲ. 1963ರ ನವೆಂಬರ್ ಹೊತ್ತಿಗೆ ಕೆನಡಿಯವರ ಮುಖ್ಯ ಮಸೂದೆಗಳು ಅಲ್ಲಲ್ಲೇ ನಿಂತಿದ್ದವು. ಸ್ವಂತ ಪಕ್ಷದ ಥಾಮಸ್ ಡಾಡ್ ಸದನದಲ್ಲೇ ಎದ್ದು ನಾಯಕತ್ವ ದುರ್ಬಲ ಎಂದರು. ಮ್ಯಾನ್ಸ್‌ಫೀಲ್ಡ್ ಉತ್ತರಕ್ಕೆ ಒಂದು ಭಾಷಣ ಸಿದ್ಧ ಮಾಡಿದರು. ನಾನು ಸರ್ಕಸ್ಸಿನ ರಿಂಗ್‌ಮಾಸ್ಟರ್ ಅಲ್ಲ, ಸಿಂಹಗಳನ್ನು ಪಳಗಿಸುವವನೂ ಅಲ್ಲ, ಒಳಗೊಳಗೆ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ನನ್ನದಲ್ಲ ಎಂಬರ್ಥದ ಮಾತು ಅದರಲ್ಲಿತ್ತು. ಸೆನೆಟ್‌ನ ನಡವಳಿಕೆಗೆ ಎಲ್ಲ ಸದಸ್ಯರೂ ಹೊಣೆ, ಒಬ್ಬ ನಾಯಕನಲ್ಲ ಎಂಬುದು ಅದರ ತಿರುಳು.

ಭಾಷಣಕ್ಕೆ ಗೊತ್ತಾಗಿದ್ದ ದಿನ ನವೆಂಬರ್ 22. ಅವತ್ತು ಡಲ್ಲಾಸ್‌ನಲ್ಲಿ ಕೆನಡಿಯವರ ಕೊಲೆಯಾಯಿತು. ಭಾಷಣ ಓದದೆಯೇ ಉಳಿಯಿತು, ಬರಹವಾಗಿ ಕಡತಕ್ಕೆ ಸೇರಿತು. ಎರಡು ದಿನದ ನಂತರ ಸಂಸತ್ ಭವನದಲ್ಲಿ ಪಾರ್ಥಿವ ಶರೀರದ ಮುಂದೆ ನಿಂತು ಮ್ಯಾನ್ಸ್‌ಫೀಲ್ಡ್ ಮಾತಾಡಿದರು. ಹೆಂಡತಿ ತನ್ನ ಬೆರಳಿನ ಉಂಗುರ ತೆಗೆದು ಗಂಡನ ಕೈಯಲ್ಲಿಟ್ಟಳು ಎಂಬ ಸಾಲನ್ನು ಮತ್ತೆ ಮತ್ತೆ ಹೇಳಿದರು. ಓದದೆ ಉಳಿದ ಆ ಭಾಷಣವನ್ನು ಕೊನೆಗೂ ಓದಿದ್ದು 1998ರ ಮಾರ್ಚ್‌ನಲ್ಲಿ, 95ನೇ ವಯಸ್ಸಿನಲ್ಲಿ, ಹಳೆಯ ಸೆನೆಟ್ ಸಭಾಂಗಣದಲ್ಲಿ. 35 ವರ್ಷದಲ್ಲಿ ಅವರ ನಿಲುವು ಬದಲಾಗಿರಲಿಲ್ಲ.

ಸರಿ, ಈಗ 1964ಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ನಾಗರಿಕ ಹಕ್ಕುಗಳ ಮಸೂದೆ. ಹೋಟೆಲ್, ಸಿನಿಮಾ ಮಂದಿರ, ಕೆಲಸದ ಜಾಗ, ಇಲ್ಲೆಲ್ಲ ಬಣ್ಣದ ಆಧಾರದ ಮೇಲೆ ಭೇದ ಮಾಡುವಂತಿಲ್ಲ ಎನ್ನುವ ಕಾನೂನು. ಫೆಬ್ರವರಿ 10ರಂದು ಕೆಳಮನೆ ಅದನ್ನು 290–130ರಿಂದ ಪಾಸು ಮಾಡಿತು. ಕಷ್ಟ ಇದ್ದದ್ದು ಸೆನೆಟ್‌ನಲ್ಲಿ. ಅಲ್ಲಿ ಚರ್ಚೆಗೆ ಮಿತಿ ಇಲ್ಲ. ಮಸೂದೆ ಬೇಡದವರು ಮಾತಾಡುತ್ತಲೇ ಇದ್ದು ಮತದಾನವನ್ನೇ ತಡೆಯಬಹುದು. ಇದನ್ನು ಫಿಲಿಬಸ್ಟರ್ ಅನ್ನುತ್ತಾರೆ. ನಿಲ್ಲಿಸಲು ಕ್ಲೋಚರ್ ಎಂಬ ನಿರ್ಣಯ ಬೇಕು. ಅದಕ್ಕೆ ಆಗ ಮೂರನೇ ಎರಡರಷ್ಟು ಮತ, ಅಂದರೆ ಎಲ್ಲರೂ ಬಂದಿದ್ದರೆ 67. ಆ ನಿಯಮ 1917ರದ್ದು. ಅಲ್ಲಿಂದ ಇಲ್ಲಿಗೆ ನಾಗರಿಕ ಹಕ್ಕಿನ ಒಂದೇ ಒಂದು ಮಸೂದೆಗೂ ಕ್ಲೋಚರ್ ಸಿಕ್ಕಿರಲಿಲ್ಲ.

ಮೊದಲ ಅಡ್ಡಿ ನ್ಯಾಯಾಂಗ ಸಮಿತಿ. ಅದರ ಅಧ್ಯಕ್ಷ ಮಿಸಿಸಿಪ್ಪಿಯ ಜೇಮ್ಸ್ ಈಸ್ಟ್‌ಲೆಂಡ್, ಮಸೂದೆಯ ಕಡು ವಿರೋಧಿ. ಸಮಿತಿಗೆ ಹೋದ ಮಸೂದೆ ಹೊರಗೆ ಬರುವುದು ಸುಳ್ಳು. ಮ್ಯಾನ್ಸ್‌ಫೀಲ್ಡ್ ನಿಯಮದಲ್ಲಿದ್ದ ದಾರಿ ಹಿಡಿದು, ಸಮಿತಿಗೆ ಕಳಿಸದೆ ನೇರವಾಗಿ ಸದನದ ಕಲಾಪ ಪಟ್ಟಿಗೆ ಹಾಕಿಸಿದರು. ಇದನ್ನೂ ಮುಚ್ಚುಮರೆ ಇಲ್ಲದೆ, ಹೀಗೆ ಮಾಡುತ್ತೇನೆ ಎಂದು ಮೊದಲೇ ಹೇಳಿ ಮಾಡಿದರು.

ಮಾರ್ಚ್ ಕೊನೆಯಲ್ಲಿ ಚರ್ಚೆ ಶುರುವಾಯಿತು. ವಿರೋಧಿಗಳ ಮುಖ್ಯಸ್ಥ ಜಾರ್ಜಿಯಾದ ರಿಚರ್ಡ್ ರಸೆಲ್. ಅವರೂ ಡೆಮಾಕ್ರಟಿಕ್ ಪಕ್ಷದವರೇ. ದಕ್ಷಿಣದ ಸುಮಾರು 18 ಸದಸ್ಯರನ್ನು ಮೂರು ತಂಡ ಮಾಡಿ, ಸರದಿಯಲ್ಲಿ ಮಾತಾಡಲು ಬಿಟ್ಟರು.

ಆಗ ಹಲವರು ಮ್ಯಾನ್ಸ್‌ಫೀಲ್ಡ್‌ಗೆ ಹೇಳಿದ್ದು ಒಂದೇ ಮಾತು. ಹಗಲೂ ರಾತ್ರಿ ಸದನ ನಡೆಸಿ, ಅವರನ್ನು ಸುಸ್ತು ಹೊಡೆಸಿ. ಅಧ್ಯಕ್ಷರಾಗಿದ್ದ ಜಾನ್ಸನ್ ಮನಸ್ಸೂ ಅದೇ. ಮ್ಯಾನ್ಸ್‌ಫೀಲ್ಡ್ ಒಪ್ಪಲಿಲ್ಲ. ಇಲ್ಲಿನ ಲೆಕ್ಕ ಗಮನಿಸಿ. ಫಿಲಿಬಸ್ಟರ್ ಮಾಡುವವರಿಗೆ ಸದನದಲ್ಲಿ ಇಬ್ಬರೋ ಮೂವರೋ ಇದ್ದರೆ ಸಾಕು. ಉಳಿದವರು ಮನೆಯಲ್ಲಿ ಮಲಗಬಹುದು. ಅವರು ಯಾವ ಗಳಿಗೆಯಲ್ಲಾದರೂ ಕೋರಂ, ಅಂದರೆ ಸದನ ನಡೆಯಲು ಬೇಕಾದ ಕನಿಷ್ಠ ಹಾಜರಿ, ಇಲ್ಲ ಎಂದು ಎತ್ತಬಹುದು. ಆಗ 51 ಜನ ಓಡಿ ಬರಬೇಕಾದದ್ದು ಮಸೂದೆ ಬೇಕೆನ್ನುವವರು. ರಾತ್ರಿ ಕಲಾಪದಲ್ಲಿ ಸುಸ್ತಾಗುವವರು ಯಾರು ಹೇಳಿ? 1960ರಲ್ಲಿ ಜಾನ್ಸನ್ ನಾಯಕರಾಗಿದ್ದಾಗ ಇದನ್ನೇ ಪ್ರಯತ್ನಿಸಿದ್ದರು. ಸಂಸತ್ ಭವನವಾದ ಕ್ಯಾಪಿಟಲ್‌ನಲ್ಲಿ ಮಂಚ ಹಾಕಿಸಿ ಸದಸ್ಯರನ್ನು ಮಲಗಿಸಿದ್ದರು. ದಕ್ಷಿಣದವರು ನಿದ್ದೆ ಮುಗಿಸಿ ಲವಲವಿಕೆಯಿಂದ ಬಂದರು, ಮಸೂದೆಯ ಪರ ಇದ್ದವರು ಸೋತು ಹೋದರು.

ಮ್ಯಾನ್ಸ್‌ಫೀಲ್ಡ್‌ಗೆ ಇನ್ನೊಂದು ಕಾರಣವೂ ಇತ್ತು, ಅದು ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಗ್ಯಾಲರಿಯ ಜನ ನೋಡಿ ಮಜಾ ತಗೊಳ್ಳಲಿ ಎಂದು ಹಿರಿಯ ಸದಸ್ಯರನ್ನು ನಡುರಾತ್ರಿ ಟೈ ಇಲ್ಲದೆ, ಚಪ್ಪಲಿಯಲ್ಲಿ ಓಡಿಸುವುದು ಸದನಕ್ಕೆ ಮಾಡುವ ಅವಮಾನ ಎಂದು ಅವರು ನಂಬಿದ್ದರು. ಸಮಾನತೆಯ ಕಾನೂನನ್ನು ಒಬ್ಬರ ಮೈ ಸೋಲಿಸಿ ತರಬಾರದು. ಒಪ್ಪಿಸಿ ತರಬೇಕು.

ಒಪ್ಪಿಸಬೇಕಾದದ್ದು ಯಾರನ್ನು? ರಿಪಬ್ಲಿಕನ್ ನಾಯಕ ಎವರೆಟ್ ಡರ್ಕ್‌ಸನ್‌ರನ್ನು. ಡೆಮಾಕ್ರಟರಲ್ಲೇ 20ಕ್ಕಿಂತ ಹೆಚ್ಚು ಮಂದಿ ವಿರುದ್ಧ ಇದ್ದದ್ದರಿಂದ, ರಿಪಬ್ಲಿಕನ್ನರು ದೊಡ್ಡ ಸಂಖ್ಯೆಯಲ್ಲಿ ಬರದೆ 67 ಆಗುತ್ತಿರಲಿಲ್ಲ. ಮ್ಯಾನ್ಸ್‌ಫೀಲ್ಡ್ ಏನು ಮಾಡಿದರು ಗೊತ್ತಾ? ಮೇ ತಿಂಗಳ ಮಾತುಕತೆಗಳನ್ನೆಲ್ಲ ಡರ್ಕ್‌ಸನ್ ಆಫೀಸಿನಲ್ಲೇ ಇಟ್ಟುಕೊಂಡರು. ಪತ್ರಕರ್ತರು ಬಂದು ನಿಲ್ಲುತ್ತಿದ್ದದ್ದು ಆ ಬಾಗಿಲಿಗೆ, ಫೋಟೋ ಬರುತ್ತಿದ್ದದ್ದು ಡರ್ಕ್‌ಸನ್ ಅವರದ್ದು. ಬಹುಮತದ ನಾಯಕ ವಿರೋಧ ಪಕ್ಷದ ನಾಯಕನ ಕೋಣೆಗೆ ನಡೆದು ಹೋಗುವುದು ಗೌರವಕ್ಕೆ ಕಡಿಮೆ ಎಂದು ಯಾರೋ ಹೇಳಿರಬಹುದು. ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಸದನದಲ್ಲಿ ಮಸೂದೆ ನಡೆಸುವ ಹೊಣೆಯನ್ನೂ ಹ್ಯೂಬರ್ಟ್ ಹಂಫ್ರಿಗೆ ಬಿಟ್ಟಿದ್ದರು.

ಡರ್ಕ್‌ಸನ್ ಕೇಳಿದ ಬದಲಾವಣೆಗಳಲ್ಲಿ ಮುಖ್ಯವಾದದ್ದು, ದೂರುಗಳನ್ನು ಮೊದಲು ರಾಜ್ಯದ ಸಂಸ್ಥೆಗಳು ನೋಡಲಿ, ಕೇಂದ್ರ ಸರ್ಕಾರ ಆಮೇಲೆ ಬರಲಿ ಎಂಬುದು. ಕಾನೂನಿನ ಜೀವಾಳ ಉಳಿಯಿತು. ಅವರು ಒಪ್ಪಿದರು.

ಜೂನ್ 10. ಬೆಳಿಗ್ಗೆ ರಾಬರ್ಟ್ ಬರ್ಡ್ 14 ಗಂಟೆಗೂ ಮೀರಿದ ತಮ್ಮ ಭಾಷಣ ಮುಗಿಸಿದರು. ಹೆಸರು ಕೂಗಿ ಮತ ಪಡೆಯುವುದು ಶುರುವಾಯಿತು. ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್‌ರನ್ನು ಗಾಲಿಕುರ್ಚಿಯಲ್ಲಿ ತಂದಿದ್ದರು. ಮೆದುಳಿನ ಗಡ್ಡೆಯಿಂದ ಮಾತು ಹೋಗಿತ್ತು. ಹೆಸರು ಕೂಗಿದಾಗ ಕೈ ಎತ್ತಿ ಕಣ್ಣಿನ ಕಡೆ ತೋರಿಸಿದರು, ಮತ ಪರವಾಗಿ ಎಂದು. ಇಂಗ್ಲಿಷಿನಲ್ಲಿ ಕಣ್ಣು ಎನ್ನುವ ‘ಐ’ಗೂ, ಮತ ಪರವಾಗಿ ಎನ್ನುವ ‘ಐ’ಗೂ ಉಚ್ಚಾರ ಒಂದೇ. ಡೆಲವೇರ್‌ನ ಜಾನ್ ವಿಲಿಯಮ್ಸ್ ಮತದೊಂದಿಗೆ 67 ತುಂಬಿತು.

ಈಗ ನಾನು ಹೇಳುವ ಘಟನೆ ಚಿಕ್ಕದು. ಅರಿಜೋನಾದ ಕಾರ್ಲ್ ಹೇಡನ್ ಸದನದ ಅತ್ಯಂತ ಹಿರಿಯ. ಜೀವನದಲ್ಲಿ ಕ್ಲೋಚರ್‌ಗೆ ಮತ ಹಾಕಿದವರಲ್ಲ, ಚಿಕ್ಕ ರಾಜ್ಯಗಳಿಗೆ ಫಿಲಿಬಸ್ಟರ್ ಬೇಕು ಎಂದು ನಂಬಿದವರು. ಅನಿವಾರ್ಯವಾದರೆ ಮಾತ್ರ ಪರವಾಗಿ ಹಾಕುತ್ತೇನೆ ಎಂದು ಮಾತು ಕೊಟ್ಟು ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದರು. 67 ಆದ ಮೇಲೆ ಒಳಗೆ ಬಂದರು. ಪರವಾಗಿಲ್ಲ ಕಾರ್ಲ್, ನಾವು ದಾಟಿದ್ದೇವೆ ಎಂದರು ಮ್ಯಾನ್ಸ್‌ಫೀಲ್ಡ್. ಹೇಡನ್ ವಿರುದ್ಧವಾಗಿ ಮತ ಹಾಕಿದರು. ಇತಿಹಾಸದ ಪುಟದಲ್ಲಿ 72 ಎಂದು ಬರೆಸಿಕೊಳ್ಳಬಹುದಿತ್ತು. ಬೇಡದ ಮತವನ್ನು ಬಲವಂತದಿಂದ ತೆಗೆದುಕೊಳ್ಳಲಿಲ್ಲ. ಫಲಿತಾಂಶ 71–29. ಪರವಾಗಿ 44 ಡೆಮಾಕ್ರಟರು, 27 ರಿಪಬ್ಲಿಕನ್ನರು. ಜೂನ್ 19ಕ್ಕೆ ಮಸೂದೆ 73–27ರಿಂದ ಪಾಸಾಯಿತು. ಜುಲೈ 2ಕ್ಕೆ ಜಾನ್ಸನ್ ಸಹಿ ಹಾಕಿದರು.

1965ರಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂತು. ಸೆನೆಟ್‌ನಲ್ಲಿ ಅದನ್ನು ಮಂಡಿಸಿದ್ದು ಮ್ಯಾನ್ಸ್‌ಫೀಲ್ಡ್ ಮತ್ತು ಡರ್ಕ್‌ಸನ್ ಜೊತೆಯಾಗಿ. ವಯಸ್ಸಾದವರ ವೈದ್ಯಕೀಯ ವಿಮೆ ಮೆಡಿಕೇರ್ ಕೂಡ ಅದೇ ವರ್ಷದ್ದು. ನಮಗೆ ನೇರವಾಗಿ ತಟ್ಟಿದ ಇನ್ನೊಂದು ಕಾನೂನೂ ಆಗಲೇ ಬಂತು. ಅದು ವಲಸೆ ಕಾಯ್ದೆ. 1946ರಿಂದ ಭಾರತಕ್ಕಿದ್ದ ಕೋಟಾ ವರ್ಷಕ್ಕೆ ಕೇವಲ 100 ಜನ. 1965ರ ಕಾಯ್ದೆ ದೇಶವಾರು ಕೋಟಾದ ಆ ಪದ್ಧತಿಯನ್ನೇ ತೆಗೆದುಹಾಕಿತು. ಆಮೇಲೆ ನಮ್ಮ ಡಾಕ್ಟರುಗಳು, ಇಂಜಿನಿಯರುಗಳು ಹೋದರು, ಅಮೆರಿಕದ ಊರೂರಲ್ಲಿ ಕನ್ನಡ ಕೂಟಗಳು ಹುಟ್ಟಿದವು. ಯುಗಾದಿಗೆ ಅಲ್ಲಿ ಬೇವು ಬೆಲ್ಲ ಹಂಚುವವರ ಬದುಕಿನ ಹಿಂದೆ ಈ ಸೆನೆಟ್‌ನ ಕಲಾಪವೂ ಇದೆ.

ಇನ್ನು ವಿಯೆಟ್ನಾಂ. ಇಲ್ಲಿ ನನಗೆ ಮ್ಯಾನ್ಸ್‌ಫೀಲ್ಡ್ ಬಗ್ಗೆ ಗೌರವವೂ ಇದೆ, ನೋವೂ ಇದೆ.

50ರ ದಶಕದಲ್ಲಿ ದಕ್ಷಿಣ ವಿಯೆಟ್ನಾಂನ ಡಿಯೆಮ್ ಸರ್ಕಾರವನ್ನು ಇವರೇ ಬೆಂಬಲಿಸಿದ್ದರು. 1962ರ ಕೊನೆಯಲ್ಲಿ ಕೆನಡಿ ಕೇಳಿಕೊಂಡರೆಂದು ಅಲ್ಲಿಗೆ ಹೋಗಿ ಬಂದರು. ಇದು ನಮ್ಮ ಯುದ್ಧವಾಗುವ ಅಪಾಯ ಇದೆ ಎಂದು ವರದಿ ಕೊಟ್ಟರು. ಕೆನಡಿಗೆ ಬೇಸರವಾಯಿತು. ಆಮೇಲೆ ಜಾನ್ಸನ್‌ಗೆ ಒಂದರ ಹಿಂದೆ ಒಂದು ಖಾಸಗಿ ಟಿಪ್ಪಣಿ. ಸೈನ್ಯ ಹೆಚ್ಚಿಸಬೇಡಿ, ಸಂಧಾನ ಮಾಡಿ. 1965ರ ಜುಲೈನಲ್ಲಿ ಜಾನ್ಸನ್ ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸಿದಾಗಲೂ ಹಿಂದಿನ ದಿನದ ಸಭೆಯಲ್ಲಿ ವಿರೋಧಿಸಿದ್ದರು.

ಆದರೆ ಇದೆಲ್ಲ ಬಾಗಿಲ ಹಿಂದೆ. 1964ರ ಆಗಸ್ಟ್‌ನಲ್ಲಿ ಅಧ್ಯಕ್ಷರಿಗೆ ಯುದ್ಧದ ಅಧಿಕಾರ ಕೊಟ್ಟ ಟಾಂಕಿನ್ ಕೊಲ್ಲಿ ನಿರ್ಣಯ 88–2ರಿಂದ ಪಾಸಾಯಿತು. ಮ್ಯಾನ್ಸ್‌ಫೀಲ್ಡ್ ಆ 88ರಲ್ಲಿ ಒಬ್ಬರು. ವೇನ್ ಮೋರ್ಸ್, ಅರ್ನೆಸ್ಟ್ ಗ್ರೂನಿಂಗ್ ಇಬ್ಬರೇ ವಿರುದ್ಧ. ಏಷ್ಯಾವನ್ನು ಅಷ್ಟು ಬಲ್ಲವರು, ಮೊದಲೇ ಅಪಾಯ ಕಂಡವರು, ಸದನದಲ್ಲಿ ಎದ್ದು ನಿಂತು ತಡೆದಿದ್ದರೆ? ಪಕ್ಷದ ನಾಯಕನಾಗಿ ತಮ್ಮದೇ ಅಧ್ಯಕ್ಷರ ಜೊತೆ ಮುರಿದುಕೊಳ್ಳಬಾರದು ಎಂಬ ನಿಷ್ಠೆ ಅವರನ್ನು ಕಟ್ಟಿಹಾಕಿತು. ಆ ನಿಷ್ಠೆ ತಪ್ಪಾಗಿತ್ತು ಎಂದೇ ನನ್ನ ಅಭಿಪ್ರಾಯ. ಕೊನೆಗೆ 58,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು, ವಿಯೆಟ್ನಾಂನಲ್ಲಿ ಲಕ್ಷ ಲಕ್ಷ ಜನ. 1971ರಲ್ಲಿ ಸೇನೆಯನ್ನು ವಾಪಸ್ ಕರೆಸುವ ತಿದ್ದುಪಡಿಯನ್ನು ತಮ್ಮ ಹೆಸರಲ್ಲೇ ತಂದು ಸೆನೆಟ್‌ನಲ್ಲಿ ಗೆಲ್ಲಿಸಿದರು. ಕೆಳಮನೆಯಲ್ಲಿ ಅದು ತೆಳುವಾಯಿತು. ತಡವಾಗಿತ್ತು.

ಅದೇ ಯುದ್ಧ ಇನ್ನೊಂದಕ್ಕೂ ದಾರಿ ಮಾಡಿತು. 18ಕ್ಕೆ ಸಾಯಲು ಕಳಿಸುತ್ತೀರಿ, ಮತ ಹಾಕಲು ಬಿಡುವುದಿಲ್ಲವಾ ಎಂದು ಹುಡುಗರು ಕೇಳುತ್ತಿದ್ದರು. 1970ರಲ್ಲಿ ಮತದಾನದ ಹಕ್ಕಿನ ಕಾಯ್ದೆ ಮುಂದುವರಿಸುವಾಗ, 18ಕ್ಕೆ ಮತ ಎಂಬುದನ್ನು ಮ್ಯಾನ್ಸ್‌ಫೀಲ್ಡ್ ಅದಕ್ಕೆ ಸೇರಿಸಿದರು. ಕೇಂದ್ರದ ಚುನಾವಣೆಗೆ ಸರಿ, ರಾಜ್ಯಗಳದ್ದಕ್ಕೆ ಅನ್ವಯಿಸಲ್ಲ ಎಂದಿತು ಸುಪ್ರೀಂ ಕೋರ್ಟ್. ಕೂಡಲೇ ಸಂವಿಧಾನ ತಿದ್ದುಪಡಿಯಾಗಿ 1971ರ ಜುಲೈನಲ್ಲಿ ಜಾರಿಗೆ ಬಂತು. ನಮ್ಮಲ್ಲಿ ಈ ಬದಲಾವಣೆಗೆ 1989ರವರೆಗೆ ಕಾಯಬೇಕಾಯಿತು.

ನಿಕ್ಸನ್ ಕಾಲದ ವಾಟರ್‌ಗೇಟ್ ಹಗರಣದ ತನಿಖೆಗೆ 1973ರಲ್ಲಿ ಸಮಿತಿ ಮಾಡಿದಾಗ, ದೇಶದ ಅಧ್ಯಕ್ಷ ಸ್ಥಾನಕ್ಕೆ ಕಣ್ಣಿಟ್ಟಿದ್ದ ಯಾರನ್ನೂ ಹಾಕಲಿಲ್ಲ. ಮುದುಕರಾದ, ಸಂವಿಧಾನ ಅರೆದು ಕುಡಿದ ಸ್ಯಾಮ್ ಅರ್ವಿನ್‌ಗೆ ಕೊಟ್ಟರು. ನಿರ್ಣಯ 77–0. ಗುಪ್ತಚರ ಸಂಸ್ಥೆಗಳ ಮೇಲೆ ಸಂಸತ್ತಿನ ಕಣ್ಣಿರಬೇಕು ಎಂದು 50ರ ದಶಕದಲ್ಲೇ ಹೇಳಿ 1956ರಲ್ಲಿ ಸೋತಿದ್ದರು. 1975ರಲ್ಲಿ ಆ ಸಂಸ್ಥೆಗಳ ತನಿಖೆಗೆ ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿ ಆದಾಗ ಆ ಹಳೆಯ ಮಾತು ನಿಜವಾಯಿತು.

1977ರ ಆರಂಭದಲ್ಲಿ ಸೆನೆಟ್ ಬಿಟ್ಟರು. ಆಮೇಲೆ 11 ವರ್ಷ ಜಪಾನಿನಲ್ಲಿ ರಾಯಭಾರಿ. ಕಾರ್ಟರ್ ಕಳಿಸಿದರು, ವಿರೋಧ ಪಕ್ಷದ ರೇಗನ್ ಮುಂದುವರಿಸಿದರು. ತೀರಿಕೊಂಡದ್ದು 2001ರಲ್ಲಿ, 98ನೇ ವಯಸ್ಸಿನಲ್ಲಿ.

ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. "ಇವತ್ತಿನ ಸೆನೆಟ್ ಏನೂ ಮಾಡಲಾಗದೆ ಕೂತಿದೆಯಲ್ಲ ಸರ್, ಅದಕ್ಕೆ ಇವರ ಮೃದುತನವೂ ಕಾರಣ ಅಲ್ವಾ?"

ಸ್ವಲ್ಪ ಮಟ್ಟಿಗೆ ಹೌದು. 70ರ ದಶಕದ ಮೊದಲ ವರ್ಷಗಳಲ್ಲಿ ಮ್ಯಾನ್ಸ್‌ಫೀಲ್ಡ್ ಒಂದು ಏರ್ಪಾಡು ತಂದರು. ಒಂದು ಮಸೂದೆಗೆ ಫಿಲಿಬಸ್ಟರ್ ನಡೆಯುತ್ತಿದ್ದರೆ ಅದನ್ನು ಪಕ್ಕಕ್ಕಿಟ್ಟು ಬೇರೆ ಕೆಲಸ ಮಾಡಬಹುದು. ಎರಡು ಹಳಿ ಪದ್ಧತಿ. ಉದ್ದೇಶ ಒಳ್ಳೆಯದು, ಸದನ ನಿಲ್ಲಬಾರದು ಎಂದು. ಆದರೆ ಫಿಲಿಬಸ್ಟರ್ ಮಾಡುವವರಿಗೆ ಇದ್ದ ಕಷ್ಟವೇ ಹೋಯಿತು. ಗಂಟೆಗಟ್ಟಲೆ ನಿಂತು ಮಾತಾಡಬೇಕಿಲ್ಲ, ತಡೆಯುತ್ತೇನೆ ಎಂದರೆ ಸಾಕು. 1975ರಲ್ಲಿ ಕ್ಲೋಚರ್‌ಗೆ ಬೇಕಾದ ಮತವನ್ನು 60ಕ್ಕೆ ಇಳಿಸಿದರು. ಇವತ್ತು ಹೆಚ್ಚುಕಡಿಮೆ ಪ್ರತಿ ಮುಖ್ಯ ಮಸೂದೆಗೂ 60 ಬೇಕು ಎಂಬ ಸ್ಥಿತಿ ಬಂದಿದೆ. ಸದಸ್ಯರೆಲ್ಲ ಜವಾಬ್ದಾರಿಯಿಂದ ನಡೆದುಕೊಳ್ಳುತ್ತಾರೆ ಎಂಬ ಅವರ ನಂಬಿಕೆ ಅಲ್ಲಿ ಸೋತಿತು.

ಆದರೆ ಇದನ್ನೂ ನೋಡಿ. 1964ರಲ್ಲಿ ಸೋತ ರಿಚರ್ಡ್ ರಸೆಲ್ ಜುಲೈನಲ್ಲಿ ಜಾರ್ಜಿಯಾಕ್ಕೆ ಹೋಗಿ ತಮ್ಮ ಜನರ ಮುಂದೆ ನಿಂತರು. ಈ ಕಾನೂನು ತಮಗೆ ಇಷ್ಟವಿಲ್ಲ, ಆದರೆ ಇದು ಈಗ ಕಾನೂನು, ಪಾಲಿಸಿ ಎಂದರು. ದಕ್ಷಿಣದಲ್ಲಿ ಹಿಂಸೆ ನಿಲ್ಲಲಿಲ್ಲ, ನಿಜ. ಕಪ್ಪು ಜನ ಆ ಎರಡೂವರೆ ತಿಂಗಳ ಮಾತಿಗೂ, ಅದಕ್ಕೂ ಹಿಂದಿನ ದಶಕಗಳಿಗೂ ಬೆಲೆ ತೆತ್ತರು, ಅದನ್ನು ನಾನು ಮರೆತಿಲ್ಲ. ಆದರೂ ವಿರೋಧದ ಮುಂದಾಳುವೇ ಪಾಲಿಸಿ ಎಂದು ಹೇಳುವಂತಾದದ್ದು ಸಣ್ಣ ವಿಷಯವಲ್ಲ. ತಮ್ಮ ಮಾತನ್ನು ಪೂರ್ತಿ ಕೇಳಿದರು, ಮೋಸದಿಂದ ಸೋಲಿಸಲಿಲ್ಲ ಎಂದು ರಸೆಲ್‌ಗೆ ಗೊತ್ತಿತ್ತು. ಮಸೂದೆಯನ್ನು ನಡುರಾತ್ರಿಯ ನಿದ್ದೆಗೆಡಿಸಿ ಪಾಸು ಮಾಡಿದ್ದರೆ ಅವರು ಆ ಮಾತು ಹೇಳುತ್ತಿದ್ದರು ಅಂತ ನನಗನ್ನಿಸುವುದಿಲ್ಲ.